ಹನ್ನೆರಡು ಸುತ್ತಿನ ತಂತಿ

ದೊಡ್ಡ ಮುದ್ರಣಾಲಯವೊಂದರ ಹೊಸ ಕಟ್ಟಡದ ತಂತಿಕೆಲಸವನ್ನು ಪರೀಕ್ಷಿಸಿ ಒಪ್ಪಿಗೆ ಪತ್ರ ಕೊಡಬೇಕೆಂಬ ಕೋರಿಕೆ ವಿಮಾ ಕಂಪನಿಗೆ ಬಂದಾಗ, ಆ ಕೆಲಸವನ್ನು ತನಗೇ ಕೊಡಬೇಕೆಂದು ಅಳತೆಯಕ್ಕ ಮೇಲಧಿಕಾರಿಯ ಮೇಜಿನ ಮುಂದೆ ನಿಂತು ಕೇಳಿಕೊಂಡಳು. ಹದಿನಾರು ವರ್ಷಗಳ ಉದ್ಯೋಗದಲ್ಲಿ ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿ, ಅಲ್ಲಿ ನಿಮಗೆ ಬೇಕಾದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರು. ಬೇಕಾದವರು ಯಾರೂ ಇಲ್ಲ ಎಂದು ಅವಳು ಹೇಳಿದ್ದು ಸತ್ಯವೇ ಆಗಿತ್ತು.

ಅಳತೆಯಕ್ಕ ಎಂಬುದು ಜೊತೆ ಕೆಲಸ ಮಾಡುವವರು ಇಟ್ಟ ಹೆಸರು. ಕಣ್ಣಂದಾಜಿನಲ್ಲಿ ಒಂದು ಅಂಕಿಯನ್ನೂ ಬರೆದವಳಲ್ಲ. ತಂತಿಯ ಉದ್ದವಿರಲಿ, ನೆಲದ ತೇವವಿರಲಿ, ಸಾಧನವಿಟ್ಟು ನೋಡಿಯೇ ಬರೆಯುವಳು. ಬಸ್ಸಿನ ಕಂಡಕ್ಟರನಾದ ಅವಳ ಗಂಡ ಬಂದ ನಂಟರಿಗೆಲ್ಲ, "ನನ್ನನ್ನೂ ಅಳೆದು ನೋಡೇ ಒಪ್ಪಿದ್ದು. ಎರಡು ಇಂಚು ಕಡಿಮೆ ಬಂತು, ಬೇರೆ ಮಾಲು ಸಿಗಲಿಲ್ಲ," ಎಂದು ಹೇಳಿ ನಗಿಸುತ್ತಿದ್ದ. ಆ ದಿನ ಬೆಳಿಗ್ಗೆ ಅವಳು ಚೀಲಕ್ಕೆ ಸಾಧನಗಳನ್ನು ತುಂಬಿಕೊಳ್ಳುತ್ತಿದ್ದ ರೀತಿಯನ್ನು ಕಂಡು ಅವನೂ ನಗಲಿಲ್ಲ. ಪರೀಕ್ಷೆಗೆ ಹೊರಟಿದ್ದೀಯೋ ಯುದ್ಧಕ್ಕೋ ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ತನ್ನ ಪಾಳಿಗೆ ಹೊರಟುಹೋದ.

ಅದೇ ಮುದ್ರಣಾಲಯದಲ್ಲಿ ಅವಳ ತಂದೆ ಹತ್ತೊಂಬತ್ತು ವರ್ಷ ವೈರ್‌ಮನ್ ಆಗಿದ್ದವನು. ಪುಟ ಜೋಡಿಸುವ ಕೋಣೆಗೆ ಆಗತಾನೇ ಹನ್ನೊಂದು ಕಂಪ್ಯೂಟರುಗಳು ಬಂದು, ಅವನ್ನೆಲ್ಲ ಒಂದು ನೆಟ್‌ವರ್ಕ್ ಪೆಟ್ಟಿಗೆಗೆ ಸೇರಿಸಿದ್ದ ಕಾಲ. ಆಕಾಶದಿಂದಲೋ ವಿದ್ಯುತ್ ಮಾರ್ಗದಿಂದಲೋ ಹಠಾತ್ತನೆ ನುಗ್ಗುವ ಆಘಾತವನ್ನು ಹಿಡಿದು ನೆಲಕ್ಕಿಳಿಸಲು ಪೆಟ್ಟಿಗೆಯ ಪಕ್ಕದಲ್ಲಿ ಒಂದು ಸರ್ಜ್ ಪ್ರೊಟೆಕ್ಟರ್ ಇತ್ತು. ಅದರ ಅರ್ತ್ ತಂತಿಯನ್ನು ತಂದೆ ಅತ್ಯಂತ ಹತ್ತಿರದ ದಾರಿಯಲ್ಲಿ, ಬಿಳಿ ಗೋಡೆಯ ನಡುವೆ ಓರೆಯಾಗಿ, ಬಿಗಿಯಾಗಿ ಎಳೆದಿದ್ದ. ನೋಡಲು ಅದು ಮುಖದ ಮೇಲಿನ ಗಾಯದ ಕಲೆಯಂತಿತ್ತು. ಕೆಲಸಕ್ಕೆ ಮಾತ್ರ ಅದೇ ಸರಿ. ಇದನ್ನು ಕಂಡು ಮೂಗು ಮುರಿದವನು ಅವನ ಮೇಲಿನ ಮೇಸ್ತ್ರಿ. ಅಚ್ಚುಕಟ್ಟು ಮೇಸ್ತ್ರಿ ಎಂದೇ ಅವನು ಪ್ರಸಿದ್ಧ. ಅವನ ಕೈಯಿಂದ ಹೊರಟ ತಂತಿ ಗೋಡೆಯ ಅಂಚನ್ನು ಬಿಟ್ಟು ಸರಿಯುತ್ತಿರಲಿಲ್ಲ. ಮೂಲೆಯಲ್ಲಿ ಸೈನಿಕನಂತೆ ತಿರುಗಿ, ಬಾಗಿಲ ಚೌಕಟ್ಟಿನ ಗುಂಟ ಇಳಿದು, ಮಿಕ್ಕ ಉದ್ದವೆಲ್ಲ ಪೆಟ್ಟಿಗೆಯನ್ನಿಟ್ಟ ರ‍್ಯಾಕಿನ ಹಿಂದೆ ದುಂಡಗಿನ ಸುರುಳಿಯಾಗಿ ಬಿಳಿ ದಾರದಲ್ಲಿ ಕಟ್ಟಿಸಿಕೊಳ್ಳುತ್ತಿತ್ತು. ಓರೆ ತಂತಿಯನ್ನು ಕಿತ್ತು ಉಗ್ರಾಣಕ್ಕೆ ಎಸೆದು, ಅವನು ತನ್ನ ಪದ್ಧತಿಯಂತೆ ಬೇರೊಂದನ್ನು ಹಾಕಿದ. ಸಿಡಿಲಿಗೆ ಸುತ್ತು ಹೊಡೆಯುವಷ್ಟು ವ್ಯವಧಾನ ಇರುವುದಿಲ್ಲ, ಸುರುಳಿ ಕಂಡರೆ ಅದು ಪಕ್ಕದ ಪೆಟ್ಟಿಗೆಗೇ ಹಾರುತ್ತದೆ ಎಂದು ತಂದೆ ಎರಡು ಸಲ ಹೇಳಿದ. ಎರಡನೆಯ ಸಲ ಹೇಳಿದಾಗ ಮೇಸ್ತ್ರಿ ನಾಲ್ವರೆದುರು ಅವನನ್ನು ಸಿಡಿಲಿನ ಸೋದರಮಾವ ಎಂದು ಕರೆದು ನಕ್ಕ.

ಒಂದು ವಾರಕ್ಕೆ ಸಿಡಿಲು ಬಡಿಯಿತು. ನೆಟ್‌ವರ್ಕ್ ಪೆಟ್ಟಿಗೆಯೂ ಹನ್ನೊಂದು ಕಂಪ್ಯೂಟರುಗಳೂ ಒಂದೇ ಉಸಿರಿಗೆ ಸುಟ್ಟವು. ಹನ್ನೊಂದು ಹೆಂಗಸರು ನಾಲ್ಕು ತಿಂಗಳು ಕುಳಿತು ಜೋಡಿಸಿದ ಶಾಲಾ ಪುಸ್ತಕಗಳ ಪುಟಗಳು ಹೇಳಹೆಸರಿಲ್ಲದೆ ಹೋದವು. ಮರುದಿನ ಹತ್ತು ಗಂಟೆಗೆ ಎಂಜಿನಿಯರು ಬರುವ ವೇಳೆಗೆ ರ‍್ಯಾಕಿನ ಹಿಂದೆ ಸುರುಳಿ ಇರಲಿಲ್ಲ. ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಓರೆ ತಂತಿ ಮತ್ತೆ ಗೋಡೆಯೇರಿತ್ತು. ಅದರ ಬುಡದ ನಟ್ಟು ಸಡಿಲವಾಗಿತ್ತು. ನಿನ್ನೆ ಇಲ್ಲಿದ್ದದ್ದು ಸುರುಳಿ, ಇದಲ್ಲ ಎಂದು ತಂದೆ ಒದ್ದಾಡಿದ. ಕೇಳುವವರು ಯಾರು? ಎಂಜಿನಿಯರು ಕಂಡದ್ದನ್ನು ದೋಷದ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಪಾಳಿ ಬದಲಾಗುವ ಹೊತ್ತಿಗೆ ಮೇಸ್ತ್ರಿ ತಂದೆಯನ್ನು ಅಂಗಳದ ನಡುವೆ ನಿಲ್ಲಿಸಿ, ಈ ಮನುಷ್ಯನ ಬೇಜವಾಬ್ದಾರಿಯಿಂದ ನಿಮ್ಮೆಲ್ಲರ ನಾಲ್ಕು ತಿಂಗಳ ಬೆವರು ಮಣ್ಣುಪಾಲಾಯಿತು ಎಂದು ಎತ್ತರದ ದನಿಯಲ್ಲಿ ಸಾರಿ, ಗೇಟಿನ ಕಡೆಗೆ ಕೈ ತೋರಿಸಿದ.

ಅಲ್ಲಿಂದ ಮುಂದೆ ತಂದೆಗೆ ಸುಟ್ಟತಂತಿ ಎಂಬ ಹೆಸರು ನಿಂತಿತು. ಯಾವ ಅಂಗಡಿಯವನೂ ಒಂದು ಬಲ್ಬಿನ ಹೋಲ್ಡರನ್ನು ಸಹ ಅವನ ಕೈಗೆ ಕೊಡಲಿಲ್ಲ. ಸೈಕಲ್ ನಿಲ್ದಾಣದಲ್ಲಿ ಚೀಟಿ ಹರಿಯುತ್ತ ಅವನು ದುಡಿಮೆಯ ಉಳಿದ ವರ್ಷಗಳನ್ನು ಕಳೆದ. ತಾಯಿ ನೀರಿನ ಸಾಲಿನಲ್ಲಿ ನಿಂತರೆ ಸುಟ್ಟತಂತಿಯ ಹೆಂಡತಿ ಬಂದಳು ಎಂಬ ಮಾತು ಬೆನ್ನಿಗೆ ತಾಗುವಷ್ಟು ಮೆಲ್ಲಗೆ ಕೇಳುತ್ತಿತ್ತು. ಅವಳು ಒಂದು ದಿನವೂ ತಿರುಗಿ ಮಾತನಾಡದೆ, ಆ ಮಾತನ್ನು ಕೊಡದೊಡನೆ ಮನೆಗೆ ಹೊತ್ತು ತಂದು, ಆರು ವರ್ಷಗಳ ಬಳಿಕ ಕಣ್ಣುಮುಚ್ಚಿದಾಗ ತನ್ನೊಡನೆಯೇ ಕೊಂಡೊಯ್ದಳು. ಹದಿನೈದರ ಹುಡುಗಿಯಾಗಿದ್ದ ಮಗಳು ಇದೆಲ್ಲವನ್ನೂ ಕಂಡಳು. ತಂದೆಯ ವಿದ್ಯೆಯನ್ನೇ ಕಲಿಯುತ್ತೇನೆಂದು ಹಟ ಹಿಡಿದಳು, ಕಲಿತಳು.

ಕ್ಷಮೆ ದೊಡ್ಡದೆಂದು ಹಿರಿಯರು ಹೇಳಿದ್ದನ್ನು ಅವಳು ಅಲ್ಲಗಳೆದವಳಲ್ಲ. ದಿನವೂ ಬೆಳಿಗ್ಗೆ ದೇವರ ಮುಂದೆ ಕೈಮುಗಿದು, ಎಲ್ಲರನ್ನೂ ಮನ್ನಿಸುವ ಮನಸ್ಸು ಕೊಡಪ್ಪಾ ಎಂದು ಬೇಡಿ, ಒಬ್ಬನನ್ನು ಬಿಟ್ಟು ಎಂದು ಸೇರಿಸುತ್ತಿದ್ದಳು. ಇಪ್ಪತ್ತೊಂದು ವರ್ಷ ಆ ಪ್ರಾರ್ಥನೆಯಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಮೇಸ್ತ್ರಿಯ ಪ್ರಾಣವಲ್ಲ, ಅವನ ಅನ್ನವೂ ಅಲ್ಲ. ಮುದ್ರಣಾಲಯದ ದೋಷದ ಪುಸ್ತಕದಲ್ಲಿ ತಂದೆಯ ತಲೆಗೆ ಕಟ್ಟಿದ್ದ ಆ ಸಾಲನ್ನು ಮೇಸ್ತ್ರಿ ತನ್ನ ಕೈಯಾರೆ ಹೊಡೆದುಹಾಕಿ, ನಿಜವನ್ನು ಬರೆಯಬೇಕು. ಬರೆಯುವಾಗ ತಾನು ನಿಂತು ನೋಡಬೇಕು. ಮುಂದಿನ ತಿಂಗಳು ಅವನಿಗೆ ನಿವೃತ್ತಿ, ದೊಡ್ಡ ಸನ್ಮಾನದ ಏರ್ಪಾಡು ನಡೆದಿದೆ ಎಂಬ ಸುದ್ದಿ ಗಂಡನ ಬಸ್ಸಿನಲ್ಲಿ ಕಿವಿಗೆ ಬಿದ್ದಿತ್ತು. ಕೈ ತಪ್ಪಿದರೆ ಇನ್ನು ಸಿಗುವವನಲ್ಲ.

ಹೊಸ ಕಟ್ಟಡದ ಬಾಗಿಲಲ್ಲಿ ಅವಳನ್ನು ಎದುರುಗೊಂಡವರು ಇಬ್ಬರು. ಒಬ್ಬರು ವ್ಯವಸ್ಥಾಪಕರು, ಒಡೆಯರ ಮಗಳ ಗಂಡನಾದ್ದರಿಂದ ಎಲ್ಲರ ಬಾಯಲ್ಲೂ ಅಳಿಯಂದಿರು. ಇನ್ನೊಬ್ಬ ಮೇಸ್ತ್ರಿ. ತಲೆ ಪೂರ್ತಿ ಬೆಳ್ಳಗಾಗಿತ್ತು. ಬೈತಲೆ ಮಾತ್ರ ದಾರವಿಟ್ಟು ಎಳೆದಂತೆ ನೆಟ್ಟಗಿತ್ತು. ಅವನು ಅವಳನ್ನು ಎರಡು ಕ್ಷಣ ನೋಡಿ ಮುಗುಳ್ನಕ್ಕ.

"ನೀನು ಸುಟ್ಟತಂತಿಯ ಮಗಳಲ್ವಾ? ಮೂಗು ಹಾಗೇ ಇದೆ."

ಅಳಿಯಂದಿರು ಕೆಮ್ಮಿದರು. ಮೇಸ್ತ್ರಿ ಆಕೆಯ ಕೊರಳಲ್ಲಿದ್ದ ವಿಮಾ ಕಂಪನಿಯ ಗುರುತಿನ ಚೀಟಿಯನ್ನು ಕಂಡು, ಬನ್ನಿ ಮೇಡಂ ಎಂದು ಬಹುವಚನಕ್ಕೆ ಜಾರಿಕೊಂಡ. ಹೌದು, ಅವರ ಮಗಳೇ ಎಂದು ಅಳತೆಯಕ್ಕ ಶಾಂತವಾಗಿ ಹೇಳಿ, ಪರೀಕ್ಷೆಯ ನಿಯಮದಂತೆ ಹಿಂದಿನ ಎಲ್ಲ ಅವಘಡಗಳ ಚರಿತ್ರೆ ಬೇಕು, ಹಳೆಯ ದೋಷದ ಪುಸ್ತಕವನ್ನು ತರಿಸಿ ಎಂದು ಅಳಿಯಂದಿರನ್ನು ಕೇಳಿದಳು. ಪುಸ್ತಕ ಬಂತು. ಆ ಪುಟ ಸಿಕ್ಕಿತು. 'ಅರ್ತ್ ತಂತಿ ನೇರವಾಗಿದೆ, ಸುರುಳಿ ಇಲ್ಲ. ಬುಡದ ನಟ್ಟು ಸಡಿಲ. ಅಳವಡಿಸಿದ ವೈರ್‌ಮನ್‌ನ ಅಜಾಗರೂಕತೆಯೇ ಕಾರಣ.' ಕೆಳಗೆ ಎಂಜಿನಿಯರ ಸಹಿ, ಪಕ್ಕದಲ್ಲಿ ಮೇಸ್ತ್ರಿಯ ದುಂಡು ಸಹಿ. ಅವಳು ಪುಟದಲ್ಲಿ ಒಂದು ಕಾಗದದ ಚೂರನ್ನಿಟ್ಟು ಮುಚ್ಚಿ, ಪುಸ್ತಕವನ್ನು ಚೀಲದಲ್ಲಿ ಇರಿಸಿಕೊಂಡಳು.

ಮೊದಲ ದಿನ ಅವಳ ಕೈಗೆ ಸಿಕ್ಕಿದ್ದು ತಂತಿಯ ತಟ್ಟೆಗಳು. ಚಾವಣಿಯ ಕೆಳಗೆ ಉದ್ದಕ್ಕೂ ತೂಗುಬಿಟ್ಟ ಕಬ್ಬಿಣದ ತಟ್ಟೆಗಳಲ್ಲಿ ಮುದ್ರಣಯಂತ್ರದ ದಪ್ಪ ವಿದ್ಯುತ್ ಕೇಬಲುಗಳೂ ನೆಟ್‌ವರ್ಕಿನ ತೆಳು ಕೇಬಲುಗಳೂ ಒಂದೇ ಕಟ್ಟಿನಲ್ಲಿ, ಗೇಣಿಗೊಂದು ಬಿಳಿ ಪಟ್ಟಿಯಲ್ಲಿ ಬಿಗಿಸಿಕೊಂಡು, ಹೆಣೆದ ಜಡೆಯಂತೆ ಸಾಗಿದ್ದವು. ಕಂಡವರು ಹೊಗಳಬೇಕು, ಹಾಗಿತ್ತು. ಅಳತೆಯಕ್ಕ ಹೊಗಳಲಿಲ್ಲ. ನೆಟ್‌ವರ್ಕಿನ ತುದಿಗೆ ಸಾಧನವನ್ನು ಸಿಕ್ಕಿಸಿ, ದೊಡ್ಡ ಯಂತ್ರವನ್ನು ಚಾಲೂ ಮಾಡಿಸಿದಳು. ಮೋಟಾರು ಗುಡುಗಿದೊಡನೆ ಸಾಧನದ ಪರದೆಯಲ್ಲಿ ತಪ್ಪುಗಳ ಎಣಿಕೆ ಸೊನ್ನೆಯಿಂದ ಮುನ್ನೂರಕ್ಕೆ ಹಾರಿತು, ನಿಲ್ಲಿಸಿದರೆ ಸೊನ್ನೆ. ದಪ್ಪ ಕೇಬಲಿನ ಗದ್ದಲವನ್ನು ತೆಳು ಕೇಬಲು ಕದ್ದು ಕೇಳಿ ತನ್ನ ಮಾತನ್ನೇ ಮರೆಯುತ್ತಿದೆ ಎಂದು ಅಳಿಯಂದಿರಿಗೆ ಬಿಡಿಸಿ ಹೇಳಿದಳು. ಎರಡಕ್ಕೂ ನಡುವೆ ಒಂದಡಿ ಅಂತರವಿರಬೇಕು, ಎದುರಾದಲ್ಲಿ ಅಡ್ಡಡ್ಡ ದಾಟಬೇಕು, ಅಪ್ಪಿಕೊಂಡು ನಡೆಯುವಂತಿಲ್ಲ. ಆದ್ದರಿಂದ ಪಟ್ಟಿಗಳನ್ನೆಲ್ಲ ಕತ್ತರಿಸತಕ್ಕದ್ದು.

ಎಲ್ಲವನ್ನೂ ಎಂದರೆ ಎಷ್ಟು ಎಂದು ಮೇಸ್ತ್ರಿ ಕೇಳಿದ. ಸಾವಿರದ ಮುನ್ನೂರ ನಲವತ್ತು, ಎಣಿಸಿದ್ದೇನೆ ಎಂದಳು ಅಳತೆಯಕ್ಕ. ಕೆಲಸಗಾರರು ಏಣಿಯೇರಿ ಕತ್ತರಿ ಆಡಿಸತೊಡಗಿದರು. ಟಕ್, ಟಕ್ ಎಂದು ಬಿಳಿ ಪಟ್ಟಿಗಳು ನೆಲಕ್ಕುದುರಿದಂತೆಲ್ಲ ಮೇಸ್ತ್ರಿಯ ದವಡೆ ಒಂದೊಂದು ಸಲ ಅದುರುತ್ತಿತ್ತು. ಸಂಜೆಯ ಪಾಳಿ ಬರುವವರೆಗೆ ಅವಳು ಕುರ್ಚಿ ಹಾಕಿಸಿಕೊಂಡು ಆ ಸದ್ದನ್ನು ಸಂಗೀತ ಕೇಳುವವಳಂತೆ ಕೇಳಿದಳು.

ಎರಡನೆಯ ದಿನ ನೆಟ್‌ವರ್ಕ್ ಪೆಟ್ಟಿಗೆಗಳ ಕೋಣೆಗಳು. ಮೊದಲ ರ‍್ಯಾಕಿನ ಹಿಂದೆ ಟಾರ್ಚು ಬಿಟ್ಟವಳು ಹಾಗೆಯೇ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟಳು. ಹಸಿರು ಅರ್ತ್ ತಂತಿ ಗೋಡೆಯಂಚಿನಲ್ಲಿ ಇಳಿದುಬಂದು, ಹನ್ನೆರಡು ಸುತ್ತಿನ ದುಂಡು ಸುರುಳಿಯಾಗಿ, ಬಿಳಿ ದಾರ ಕಟ್ಟಿಸಿಕೊಂಡು ಮಲಗಿತ್ತು. ಎರಡನೆಯ ಕೋಣೆಯಲ್ಲೂ ಅದೇ. ನಲವತ್ತಮೂರು ಕೋಣೆಗಳಲ್ಲಿ ನಲವತ್ತಮೂರು ಸುರುಳಿಗಳು. ಸುರುಳಿಯ ಫಲವನ್ನು ಕಣ್ಣಾರೆ ಕಂಡವನು, ಕಂಡ ಮೇಲೆ ಕದ್ದು ಬಿಚ್ಚಿದವನು, ಮತ್ತೆ ಅದನ್ನೇ ಕಟ್ಟುವುದೇಕೆ? ಕೊನೆಯ ಕೋಣೆಯಲ್ಲಿ ಅದು ಅವಳಿಗೆ ಹೊಳೆಯಿತು. ಒಂದೇ ಒಂದು ಕೋಣೆಯಲ್ಲಿ ತಂತಿಯನ್ನು ನೆಟ್ಟಗೆ ಎಳೆದಿದ್ದರೂ ವೈರ್‌ಮನ್ ಹೇಳಿದ್ದು ನಿಜವೆಂದು ಒಪ್ಪಿಕೊಂಡಂತೆ. ಒಪ್ಪಿಕೊಳ್ಳದಿರುವುದಕ್ಕಾಗಿಯೇ ಈ ಮನುಷ್ಯ ಇಪ್ಪತ್ತೊಂದು ವರ್ಷ ಸುತ್ತುತ್ತಲೇ ಬಂದಿದ್ದಾನೆ.

ಹೊರಗೆ ಮೋಡ ಕವಿಯುತ್ತಿತ್ತು. ಸಿಡಿಲಿನ ತಿಂಗಳು. ಒಂದು ಕೆಟ್ಟ ಯೋಚನೆ ತಣ್ಣಗೆ ಅವಳ ಎದೆಯೊಳಗೆ ಬಂದು ಕುಳಿತಿತು. ಎಲ್ಲವೂ ಸರಿಯಿದೆ ಎಂದು ಬರೆದು ಹೋಗಿಬಿಡಬಹುದು. ಮುಂದಿನದನ್ನು ಆಕಾಶ ನೋಡಿಕೊಳ್ಳುತ್ತದೆ. ಹಾರ ಹಾಕಿಸಿಕೊಂಡ ವಾರದಲ್ಲಿ ಅವನ ನಲವತ್ತಮೂರು ಕೋಣೆಗಳೂ ಬೂದಿಯಾಗುತ್ತವೆ. ಆ ಯೋಚನೆಯ ರುಚಿಯನ್ನು ಅವಳು ಸ್ವಲ್ಪ ಹೊತ್ತು ಅನುಭವಿಸಿದಳೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸಿಡಿಲಿಗೆ ಮೇಸ್ತ್ರಿಯ ಗುರುತಿಲ್ಲ. ಸುಡುವುದು ಮತ್ತಾರದೋ ನಾಲ್ಕು ತಿಂಗಳ ಬೆವರು. ಅಂಗಳದಲ್ಲಿ ನಿಲ್ಲುವವನು ಮತ್ತೊಬ್ಬ ವೈರ್‌ಮನ್. ಅವಳು ಮಂಡಿ ಒರೆಸಿಕೊಂಡು ಎದ್ದು, ಅಳಿಯಂದಿರನ್ನೂ ಮೇಸ್ತ್ರಿಯನ್ನೂ ಕರೆಕಳಿಸಿದಳು. ಏಣಿ ಹಿಡಿದಿದ್ದ ಆರು ಮಂದಿ ಕೆಲಸಗಾರರು ಅಲ್ಲಿಯೇ ಇದ್ದರು. ಅವರು ಹೋಗುವುದು ಬೇಡವೆಂದಳು.

ಬಂದ ಮೇಸ್ತ್ರಿಯ ಎದುರು ಸುರುಳಿಯನ್ನು ಬೆರಳಿನಿಂದ ಮೃದುವಾಗಿ ಮುಟ್ಟಿ, ಇಂಥ ಕೈಕೆಲಸವನ್ನು ತಾನು ಬೇರೆಲ್ಲೂ ಕಂಡಿಲ್ಲವೆಂದಳು. ಅದು ಸುಳ್ಳಲ್ಲ. ಇದು ಹೊಸದಾಗಿ ಕಲಿತ ಪದ್ಧತಿಯೇ ಎಂದು ಕೇಳಿದಳು. ಹೊಸದೇನು ಬಂತು, ಮೂವತ್ತು ವರ್ಷದ ಕೈ ಇದು, ನಾಳೆ ರ‍್ಯಾಕನ್ನು ಜರುಗಿಸಬೇಕಾದರೆ ತಂತಿ ಸಾಲಬೇಕಲ್ಲ ಎಂದು ಮೇಸ್ತ್ರಿ ಹಿಗ್ಗಿದ.

"ಹೌದಾ? ಹಳೇ ಕಟ್ಟಡದಲ್ಲಿ ಇಷ್ಟು ಅಂದ ಇರಲಿಲ್ಲ ಅಂತ ಕೇಳಿದ್ದೆ. ಪುಟ ಜೋಡಿಸೋ ಕೋಣೆಯಲ್ಲಿ ತಂತಿ ಗೋಡೆ ಮೇಲೆ ಓರೆಯಾಗಿ ಹೋಗಿತ್ತಂತೆ. ನೀವಿದ್ದೂ ಹಾಗಿತ್ತಲ್ಲ ಅಂತ ಆಶ್ಚರ್ಯ ನನಗೆ."

ಚುಚ್ಚಬೇಕಾದಲ್ಲೇ ಚುಚ್ಚಿತು. ನಿನ್ನೆ ಸಾವಿರದ ಮುನ್ನೂರ ನಲವತ್ತು ಪಟ್ಟಿಗಳನ್ನು ಕಳೆದುಕೊಂಡವನ ಗಾಯ ಇನ್ನೂ ಹಸಿಯಾಗಿತ್ತು.

"ಅದು ನಿಮ್ಮಪ್ಪನ ಪ್ರತಾಪ ತಾಯಿ. ನೋಡಿದವರು ನಗೋ ಹಾಗಿತ್ತು. ನಾನೇ ಕಿತ್ತು ಎಸೆದೆ."

"ಸಿಡಿಲು ಬಡಿದ ಮೇಲೆ ತಾನೇ?"

"ಮೇಲೆ ಯಾಕೆ? ಒಂದು ವಾರ ಮುಂಚೆನೇ. ಇದೇ ಕೈ, ಇದೇ ಹನ್ನೆರಡು ಸುತ್ತು, ಇದೇ ಬಿಳಿ ದಾರ. ಆ ಕೋಣೆಗೆ ಕಳೆ ಬಂದಿದ್ದೇ ಆಮೇಲೆ."

ಅಳತೆಯಕ್ಕ ಚೀಲದಿಂದ ದೋಷದ ಪುಸ್ತಕವನ್ನು ತೆಗೆದು, ಗುರುತಿಟ್ಟ ಪುಟವನ್ನು ಬಿಡಿಸಿ, ನಿಧಾನವಾಗಿ, ಒಂದೊಂದು ಪದಕ್ಕೂ ಅದರ ಪಾಲಿನ ಹೊತ್ತು ಕೊಟ್ಟು ಓದಿದಳು. ಅರ್ತ್ ತಂತಿ ನೇರವಾಗಿದೆ, ಸುರುಳಿ ಇಲ್ಲ. ಓದಿ, ಪುಸ್ತಕವನ್ನು ಅಳಿಯಂದಿರ ಕೈಗಿತ್ತು, ಸಹಿಯ ಮೇಲೆ ಬೆರಳಿಟ್ಟಳು.

"ಸಿಡಿಲು ಬಡಿದ ಮಾರನೇ ದಿನ ಬೆಳಿಗ್ಗೆ ಬರೆದದ್ದು. ಇದು ನಿಮ್ಮ ಸಹಿ. ನಿಮ್ಮ ಹನ್ನೆರಡು ಸುತ್ತು ಆವತ್ತು ಎಲ್ಲಿ ಹೋಗಿತ್ತು ಮೇಸ್ತ್ರಿಗಳೇ?"

ಏಣಿ ಹಿಡಿದಿದ್ದ ಆರು ಮಂದಿಯಲ್ಲಿ ಒಬ್ಬನ ಅತ್ತೆ ಆ ಹನ್ನೊಂದು ಹೆಂಗಸರಲ್ಲಿ ಒಬ್ಬಳಾಗಿದ್ದವಳು. ಅವನು ಏಣಿಯನ್ನು ಗೋಡೆಗೆ ಒರಗಿಸಿ ಒಂದು ಹೆಜ್ಜೆ ಮುಂದೆ ಬಂದ. ಮೇಸ್ತ್ರಿ ರ‍್ಯಾಕಿನ ಕಡೆಗೆ ಹಿಂದೆ ಸರಿದ. ತನ್ನ ಅಂದದ ಮೇಲಣ ಮೋಹದಿಂದ ತಾನೇ ನುಡಿದು, ತನ್ನ ಸಹಿಯಿಂದ ತಾನೇ ಸಿಕ್ಕಿಬಿದ್ದ ಆ ಮನುಷ್ಯನ ಮುಖ ಕಪ್ಪಿಡುವುದನ್ನು ಅಳತೆಯಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಇಪ್ಪತ್ತೊಂದು ವರ್ಷ ಕಾದದ್ದು ಈ ಕ್ಷಣಕ್ಕಾಗಿ. ಅದನ್ನು ಅವಸರದಲ್ಲಿ ಮುಗಿಸುವ ಇಚ್ಛೆ ಅವಳಿಗಿರಲಿಲ್ಲ.

ಅಳಿಯಂದಿರು ಅವಳನ್ನು ಪಕ್ಕಕ್ಕೆ ಕರೆದು, ಸನ್ಮಾನಕ್ಕೆ ಆಮಂತ್ರಣ ಅಚ್ಚಾಗಿಹೋಗಿದೆ, ಅದೊಂದು ಮುಗಿಯಲಿ, ಆಮೇಲೆ ಸದ್ದಿಲ್ಲದೆ ಸರಿಪಡಿಸೋಣ ಎಂದು ಬೇಡಿಕೊಂಡರು. ಹಿಂದಿನ ಅವಘಡದ ಕಾರಣ ಸುಳ್ಳಾಗಿರುವವರೆಗೆ ಕಂಪನಿ ಒಪ್ಪಿಗೆ ಕೊಡುವಂತಿಲ್ಲ, ಇದು ನನ್ನ ಮನೆಯ ಕಾನೂನಲ್ಲ, ನಿಮ್ಮ ವಿಮಾಪತ್ರದ ಒಂಬತ್ತನೆಯ ನಿಯಮ ಎಂದು ಅವಳು ಪುಟ ತೆರೆದು ತೋರಿಸಿದಳು. ಆ ಸಂಜೆ ಮೇಸ್ತ್ರಿ ಹಳೆಯ ಸಾಲನ್ನು ಹೊಡೆದು, ಸುರುಳಿ ಕಟ್ಟಿದ್ದು, ಬೆಳಗಾಗುತ್ತಲೇ ಬಿಚ್ಚಿ ಬಚ್ಚಿಟ್ಟದ್ದು, ಓರೆ ತಂತಿಯನ್ನು ಮರಳಿ ಹಾಕಿ ನಟ್ಟನ್ನು ಸಡಿಲಿಸಿದ್ದು, ಎಲ್ಲವನ್ನೂ ತನ್ನ ಕೈಯಿಂದಲೇ ಬರೆದ. ಆಗಲೂ ಅವನ ಅಕ್ಷರಗಳು ಒಂದೇ ಎತ್ತರಕ್ಕೆ ನಿಂತಿದ್ದವು. ಅವಳು ನಿಂತು ನೋಡಿದಳು. ಬಳಿಕ ತನ್ನ ವರದಿಯನ್ನು ಕೊಟ್ಟಳು: ನಲವತ್ತಮೂರು ಸುರುಳಿಗಳನ್ನೂ ಬಿಚ್ಚಿ, ತಂತಿಗಳನ್ನು ತುಂಡು ಮಾಡಿ, ಹತ್ತಿರದ ದಾರಿಯಲ್ಲಿ ನೆಟ್ಟಗೆ ಎಳೆಯತಕ್ಕದ್ದು. ಹೊಸ ಬಣ್ಣದ ಗೋಡೆಗಳ ನಡುವೆ, ಓರೆಯಾಗಿ. ಕಟ್ಟಿದವರ ಕೈಯಿಂದಲೇ.

ಮನೆಗೆ ಬಂದು ಎಲ್ಲವನ್ನೂ ತಂದೆಗೆ ಹೇಳಿದಳು. ಎಪ್ಪತ್ತನಾಲ್ಕರ ಮುದುಕ ಮೊಮ್ಮಗಳ ಮುರಿದ ಕೊಡೆಗೆ ಕಡ್ಡಿ ಕಟ್ಟುತ್ತ ಕುಳಿತಿದ್ದವನು, ಕೈ ನಿಲ್ಲಿಸದೆ ಕೇಳಿದ. ಎರಡು ದಿನ ಬಿಟ್ಟು ಅಳಿಯಂದಿರೇ ಮನೆ ಹುಡುಕಿಕೊಂಡು ಬಂದು, ಆದದ್ದಕ್ಕೆ ವಿಷಾದವಿದೆ, ಹಿರಿಯರಿಗೆ ನಮ್ಮಿಂದ ಏನಾಗಬೇಕು ಹೇಳಿ ಎಂದು ವಿನಯದಿಂದ ಕೇಳಿದರು. ತಂದೆ ಕೊಡೆಯನ್ನು ಒಮ್ಮೆ ಬಿಚ್ಚಿ, ಮುಚ್ಚಿ, ಕೆಳಗಿಟ್ಟ.

"ಪುಸ್ತಕದಲ್ಲಿ ಬರೆದದ್ದು ಯಾರು ಓದ್ತಾರೆ ಸ್ವಾಮಿ? ನನ್ನನ್ನ ಅಂಗಳದಲ್ಲಿ ನಿಲ್ಲಿಸಿ ಹೇಳಿದ್ದ. ಅಂಗಳದಲ್ಲೇ ಹೇಳಲಿ. ಪಾಳಿ ಬಿಡೋ ಹೊತ್ತಿಗೆ."

ಮಗಳು ಬೆರಗಾದಳು. ಇಷ್ಟು ವರ್ಷ ಹಗೆಯನ್ನು ಸಾಕಿದವಳು ತಾನೊಬ್ಬಳೇ ಎಂದು ಅವಳು ತಿಳಿದಿದ್ದಳು.

ಕೊನೆಯ ಕೋಣೆಯ ತಂತಿ ನೆಟ್ಟಗಾದ ದಿನ, ಮಧ್ಯಾಹ್ನದ ಪಾಳಿ ಬಿಡುವ ಹೊತ್ತಿಗೆ, ಮುದ್ರಣಾಲಯದ ಅಂಗಳದಲ್ಲಿ ಇನ್ನೂರು ಜನ ನಿಂತಿದ್ದರು. ಅಳಿಯಂದಿರು ತಂದೆಗೆ ಕುರ್ಚಿ ಹಾಕಿಸಿದ್ದರು, ಅವನು ಕೂರಲಿಲ್ಲ. ಮೇಸ್ತ್ರಿ ಅವನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತು, ನೆಲವನ್ನು ನೋಡುತ್ತ, ಆವತ್ತು ತಂತಿ ಸುತ್ತಿದ್ದು ನಾನು, ಬಿಚ್ಚಿ ಬಚ್ಚಿಟ್ಟಿದ್ದೂ ನಾನು, ಇವನದು ತಪ್ಪಿರಲಿಲ್ಲ ಎಂದು ಒಂದೇ ಉಸಿರಿಗೆ ಗೊಣಗಿ ಮುಗಿಸಿದ.

"ಕೇಳಿಸಲಿಲ್ಲ," ಎಂದ ತಂದೆ.

ಮೇಸ್ತ್ರಿ ತಲೆಯೆತ್ತಿ ಇನ್ನೊಮ್ಮೆ ಹೇಳಿದ. ಈ ಸಲ ಮುಂದಿನ ಎರಡು ಸಾಲಿನವರಿಗೆ ಕೇಳಿಸಿತು. ಹಿಂದಿನವರು ಏನಂತೆ, ಏನಂತೆ ಎಂದು ಮುಂದಿನವರ ಭುಜ ತಟ್ಟಿದರು. ತಂದೆ ಕಿವಿಗೆ ಅಂಗೈ ಹಚ್ಚಿ, ತುಸು ಬಾಗಿ, ವಿನಯದ ದನಿಯಲ್ಲೇ ಮತ್ತೆ ಕೇಳಿಸಲಿಲ್ಲವೆಂದ. ಮೇಸ್ತ್ರಿ ಅಳಿಯಂದಿರ ಕಡೆ ನೋಡಿದ. ಅವರು ಗೇಟಿನ ಕಡೆ ನೋಡುತ್ತಿದ್ದರು. ಅವನು ಎದೆ ತುಂಬ ಗಾಳಿ ತುಂಬಿಕೊಂಡು, ಯಂತ್ರದ ಸದ್ದನ್ನು ಮೀರಿ ಕೂಗುವ ಹಳೆಯ ಮೇಸ್ತ್ರಿಯ ಗಂಟಲಿನಲ್ಲಿ, ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದ. ಇವನದು ಎಂದಿದ್ದುದು ಈ ಸಲ ತಾನಾಗಿಯೇ ಇವರದು ಎಂದಾಯಿತು. ಅಂಗಳದ ಆಚೆಯ ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತು ಕೇಳಿದರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು, ಪುಟ ಜೋಡಿಸಿ ಜೋಡಿಸಿ ಕಣ್ಣು ಮಂಜಾದವಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮುಖ ತಿರುಗಿಸಿದಳು. ಸುಟ್ಟತಂತಿ ಎಂಬ ಹೆಸರನ್ನು ಮೊದಲು ಆಡಿದವರಲ್ಲಿ ಅವಳೂ ಒಬ್ಬಳು. ತಂದೆ ಅವಳನ್ನೂ ಒಂದು ಕ್ಷಣ ದಿಟ್ಟಿಸಿ ನೋಡಿ, ಮಗಳಿಗೆ ಹೋಗೋಣವೆಂದು ತಲೆಯಾಡಿಸಿದ. ಯಾರ ಕೈಯನ್ನೂ ಕುಲುಕಲಿಲ್ಲ. ಪರವಾಗಿಲ್ಲ ಎಂಬ ಮಾತು ಅವನ ಬಾಯಿಂದ ಬರಲಿಲ್ಲ.

ಹಗೆ ತೀರಿದವರಿಗೆ ಶಾಂತಿ ಬರುತ್ತದೆಂದು ಅಳತೆಯಕ್ಕ ಕೇಳಿದ್ದಳು. ಬಸ್ಸಿನಲ್ಲಿ ಕುಳಿತು ಅದಕ್ಕಾಗಿ ಕಾದಳು. ಬಂದದ್ದು ಹಸಿವು, ಎರಡು ದಿನ ಉಣ್ಣದವರ ಹಸಿವು. ಪಕ್ಕದಲ್ಲಿ ತಂದೆ ಕಿಟಕಿಯಾಚೆ ನೋಡುತ್ತ ಬೆನ್ನನ್ನು ನೆಟ್ಟಗಿಟ್ಟುಕೊಂಡು ಕುಳಿತಿದ್ದ. ಅಡುಗೆಮನೆಯಲ್ಲಿ ಚಮಚ ಬಿದ್ದರೆ ಅಂಗಳದಲ್ಲಿ ಕುಳಿತು ಯಾವ ಚಮಚವೆಂದು ಹೇಳಬಲ್ಲ ಕಿವಿ ಅವನದು.

"ಅಪ್ಪಾ, ಮೊದಲನೇ ಸಲಾನೇ ಕೇಳಿಸಿತ್ತಲ್ವಾ?"

"ಕೇಳಿಸಿತ್ತು. ಅದು ನನಗೆ. ಎರಡನೇದು ನಿಮ್ಮಮ್ಮನಿಗೆ."

"ಮೂರನೇದು?"

ಮುದುಕ ಕಿಟಕಿಯಿಂದ ಅವಳತ್ತ ಮುಖ ತಿರುಗಿಸಿದ.

"ಅದು ಸುಮ್ಮನೆ. ಚೆನ್ನಾಗಿತ್ತು ಕೇಳೋದಕ್ಕೆ."